ಗಿರಣಿ ಇಲ್ಲದ ಗಿರಣಿಯವರು

“ಅಲ್ರೀ ಸರ, ಆ ದೇಶದಾಗ ಮಂದಿಗೆ ಬ್ಯಾರೆ ಹೆಸರ ಸಿಗಲಿಲ್ಲೇನ್ರೀ?”

ಕಂಪೌಂಡ್ ಗೋಡೆಯ ಆಚೆಯಿಂದ ಪಾಟೀಲ ಅಕ್ಕಾರ ದನಿ. ವಿಷಯ ಇಷ್ಟು. ಅವರ ಮಗಳು ಸ್ಟುಟ್‌ಗಾರ್ಟಿನಲ್ಲಿ ಓದುತ್ತಿದ್ದಾಳೆ, ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಬಾಡಿಗೆ ಹಿಡಿದಿದ್ದಾಳೆ. ಅಕ್ಕಾರು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಡಕ್ ರೊಟ್ಟಿ ಕಟ್ಟಿ ಕಳಿಸಿದ ಪಾರ್ಸಲ್ಲು ಆ ಕಟ್ಟಡದವರೆಗೂ ನೆಟ್ಟಗೆ ಹೋಗಿದೆ. ಆದರೆ ಅಲ್ಲಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರು ಬರೆಯುವುದಿಲ್ಲ. ಹೊರಬಾಗಿಲ ಪಕ್ಕ ಕರೆಗಂಟೆಗಳ ಸಾಲು, ಒಂದೊಂದರ ಮುಂದೆ ಒಂದೊಂದು ಅಡ್ಡಹೆಸರು, ಅಷ್ಟೇ. ಈ ಕಟ್ಟಡದ ಮೂರು ಗಂಟೆಗಳ ಮುಂದೆ, ಅಜ್ಜಿಯದೂ ಸೇರಿ, ‘ಮುಲ್ಲರ್’ ಅಂತಲೇ ಇದೆ. ಪಾರ್ಸಲ್ ತಂದವನು ಯಾವುದೋ ಒಂದನ್ನು ಒತ್ತಿ, ಬಾಗಿಲು ತೆಗೆದವರ ಕೈಗೆ ಕೊಟ್ಟು ಹೋದ. ಹಿಂಡಿ ಆಮೇಲೆ ಸಿಕ್ಕಿತು, ಅಕ್ಕಾರ ಸಿಟ್ಟು ಮಾತ್ರ ಇಳಿದಿಲ್ಲ.

“ಮೂರೂ ಮನಿಯವರು ಬೀಗರೇನ್ರೀ?” ಅಂದೆ.

“ಎಲ್ಲಿ ಬೀಗರು! ಒಬ್ಬರ ಮಾರಿ ಒಬ್ಬರಿಗೆ ಗೊತ್ತಿಲ್ಲಂತ.”

ಗೊತ್ತಿರಬೇಕಾಗಿಯೂ ಇಲ್ಲ. ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿಗೆ ಇರುವ ಅಡ್ಡಹೆಸರು ಇದೇ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚುಕಡಿಮೆ ಒಬ್ಬ ಮುಲ್ಲರ್ ಸಿಕ್ಕೇ ಸಿಗುತ್ತಾನೆ. ತೀರ ಸಾಧಾರಣ ಮನುಷ್ಯಳನ್ನು ಹೇಳಬೇಕಾದರೆ ಅವರು ‘ಲೀಸ್ಶೆನ್ ಮುಲ್ಲರ್’ ಅನ್ನುತ್ತಾರೆ. ಸಿನಿಮಾ ಯಾರಿಗೆ ಹಿಡಿಸಬೇಕು, ಬಜೆಟ್ಟು ಯಾರಿಗೆ ತಿಳಿಯಬೇಕು ಅಂದರೆ ಈ ಲೀಸ್ಶೆನ್ ಬಾಯಿಗೆ. ಅಂದಹಾಗೆ ಮುಲ್ಲರ್ ಅಂತ ನಾವು ಅನ್ನುವುದು ನಮ್ಮ ಅನುಕೂಲಕ್ಕೆ. ತುಟಿ ‘ಉ’ ಅನ್ನುವ ಹಾಗೆ ಮುಂದೆ ಮಾಡಿಕೊಂಡು ಬಾಯೊಳಗೆ ‘ಇ’ ಅನ್ನಬೇಕು. ಅಕ್ಕಾರು ಒಮ್ಮೆ ಪ್ರಯತ್ನಿಸಿ, ನಕ್ಕು, “ಮುಲ್ಲರ್ ಇರಲಿ ಬಿಡ್ರಿ” ಅಂದರು.

“ಹಂಗಂದ್ರ ಏನ್ರೀ ಅರ್ಥ?”

“ಹಿಟ್ಟಿನ ಗಿರಣಿಯವ.”

“ಅಯ್ಯ! ಅಷ್ಟ ಏನ್ರೀ?”

ಅಷ್ಟೇ. ಆದರೆ ಆ ‘ಅಷ್ಟೇ’ ಒಳಗೆ ಸಾವಿರಾರು ವರ್ಷ ಇದೆ. ಆ ಸೀಮೆಯ ಹಳಬರು ಬೀಸುವ ಕಲ್ಲಿನಲ್ಲಿ ಕೈಯಾರೆ ಬೀಸಿಕೊಳ್ಳುತ್ತಿದ್ದರು. ನೀರಿನ ರಭಸಕ್ಕೆ ತಿರುಗುವ ಗಿರಣಿ ಬಂದದ್ದು ರೋಮನ್ನರ ಜೊತೆಗೆ, ಯಂತ್ರದ ಬೆನ್ನಿಗೇ ಅದರ ಲ್ಯಾಟಿನ್ ಹೆಸರೂ ಬಂತು. ಗಿರಣಿ ‘ಮೊಲಿನಾ’, ನಡೆಸುವವನು ‘ಮೊಲಿನಾರಿಯುಸ್’. ಜರ್ಮನ್ ನಾಲಿಗೆ ಅದನ್ನು ಶತಮಾನಗಟ್ಟಲೆ ಸವೆಸಿ ಮುಲ್ಲರ್ ಮಾಡಿತು. ಉತ್ತರದ ಕಡೆ ಮೊಲ್ಲರ್, ಹಾಲೆಂಡಿನಲ್ಲಿ ಮುಲ್ಡರ್, ಹಂಗೆರಿಯಲ್ಲಿ ಮೊಲ್ನಾರ್, ಇಟಲಿಯಲ್ಲಿ ಮೊಲಿನಾರಿ. ಯುರೋಪಿನ ಯಾವ ಮೂಲೆಗೆ ಹೋದರೂ ಗಿರಣಿಯವನ ಮನೆತನ ಒಂದು ಇದ್ದೇ ಇದೆ.

ಅಕ್ಕಾರು ಬಿಡುವವರಲ್ಲ. “ಗಿರಣಿ ಊರಿಗೊಂದ ಇರತೈತಿ. ಹೊಲಾ ಮಾಡೋರು ಊರತುಂಬ ಇರತಾರ. ಹಂಗಿದ್ದ ಮ್ಯಾಲ ರೈತನ ಹೆಸರಲ್ಲೇನ್ರೀ ಹೆಚ್ಚ ಇರಬೇಕಾದ್ದು?”

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕ್ಲಾಸಿನಲ್ಲಿ ನನಗೆ ಯಾರೂ ಕೇಳಿರಲಿಲ್ಲ. ಮಜಾ ಇರುವುದೇ ಅಲ್ಲಿ. ಹನ್ನೆರಡನೆಯ ಶತಮಾನದ ಸುಮಾರಿಗೆ ಅಲ್ಲಿನ ಪಟ್ಟಣಗಳು ಬೆಳೆಯತೊಡಗಿದಾಗ ಒಂದೇ ಹೆಸರಿನವರು ವಿಪರೀತ ಆದರು. ಕೇರಿಗೆ ಹತ್ತು ಹಾನ್ಸ್, ಹತ್ತು ಹೈನ್‌ರಿಶ್, ಹತ್ತು ಕೊನ್ರಾಡ್. ತೆರಿಗೆ ಬರೆದುಕೊಳ್ಳುವ ಗುಮಾಸ್ತ ಯಾವ ಹಾನ್ಸ್ ಅಂತ ಬರೆಯಬೇಕು? ಹೆಸರಿಗೊಂದು ಬಾಲ ಅಂಟಿಸಿದ. ಆ ಬಾಲವನ್ನು ಯಾರೂ ತಾವಾಗಿ ಇಟ್ಟುಕೊಂಡದ್ದಲ್ಲ, ಊರವರು ಕರೆದದ್ದು. ಊರವರು ಕರೆಯುವುದು ಗುರುತು ಸಿಗಲಿ ಅಂತ. ಎಲ್ಲರೂ ಹೊಲ ಉಳುವ ಊರಿನಲ್ಲಿ ‘ರೈತ ಹಾನ್ಸ್’ ಅಂದರೆ ಯಾರನ್ನು ಕರೆದ ಹಾಗಾಯಿತು? ‘ಗಿರಣಿ ಹಾನ್ಸ್’ ಅಂದರೆ ಒಬ್ಬನೇ ತಿರುಗಿ ನೋಡುತ್ತಾನೆ. ರೈತ ಅನ್ನುವ ಅರ್ಥದ ‘ಬೌವರ್’ ಕೂಡ ಅಡ್ಡಹೆಸರಾಗಿ ಅಲ್ಲಿ ಬೇಕಾದಷ್ಟಿದೆ, ಆದರೆ ಮೊದಲ ಹತ್ತರಲ್ಲಿ ಇಲ್ಲ. ಊರಿಗೊಬ್ಬನೇ ಗಿರಣಿಯವ, ಸರಿ, ಊರುಗಳೋ ಸಾವಿರಾರು. ಊರಿಗೊಬ್ಬನನ್ನು ಬೇರೆಯಾಗಿ ತೋರಿಸಿದ ಹೆಸರು ದೇಶಕ್ಕೆಲ್ಲ ಕೂಡಿಸಿದಾಗ ಯಾರನ್ನೂ ಬೇರೆಯಾಗಿ ತೋರಿಸದ ಹೆಸರಾಯಿತು.

“ಕುಲಕರ್ಣಿ, ಪಾಟೀಲ ಆದಂಗ” ಅಂದರು ಅಕ್ಕಾರು, ಥಟ್ಟನೆ.

ಹೌದಲ್ಲ! ಊರಿಗೊಬ್ಬ ಕುಲಕರ್ಣಿ, ಊರಿಗೊಬ್ಬ ಪಾಟೀಲ. ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕುಲಕರ್ಣಿ ಸರ’ ಅಂತ ಕೂಗಿದರೆ ಅರ್ಧ ಬಸ್ಸು ಇಳಿದು ಬಂದೀತು. ಜರ್ಮನಿಯ ಮೊದಲ ಹತ್ತು ಅಡ್ಡಹೆಸರು ನೋಡಿದರೆ ಎಲ್ಲವೂ ಕೆಲಸ ಇಲ್ಲವೇ ಅಧಿಕಾರದ ಹೆಸರುಗಳೇ. ಶ್ಮಿಟ್ ಕಮ್ಮಾರ, ಶ್ನೈಡರ್ ಸಿಂಪಿಗ, ವೇಬರ್ ನೇಕಾರ, ಬೆಕರ್ ಬ್ರೆಡ್ಡು ಸುಡುವವ. ಒಂಬತ್ತನೆಯ ಸ್ಥಾನದ ಸುತ್ತ ಕೂತಿರುವ ಶುಲ್ಟ್ಸ್ ಇದ್ದಾನಲ್ಲ, ಅವನು ಊರಿನ ಕಂದಾಯ ಬಾಕಿ ಕಟ್ಟಿರೆಂದು ಆಜ್ಞೆ ಮಾಡುವ ಮುಖಂಡ.

“ಅಂದ್ರ ನೀವ ಅಕ್ಕಾರ” ಅಂದೆ. “ಜರ್ಮನ್ ಪಾಟೀಲ ಅಂದ್ರ ಶುಲ್ಟ್ಸ್.”

ಅಕ್ಕಾರು ಖುಷಿಯಾದರು. ಮರುಕ್ಷಣ ಇನ್ನೊಂದು ನೆನಪಾಯಿತು. “ಹಂಗಾರ ನಮ್ಮ ಕಿಟೆಲ್ ಸಾಹೇಬರು?” ಧಾರವಾಡದವರು ಆ ಹೆಸರನ್ನು ಬಿಟ್ಟು ಜರ್ಮನಿಯ ಮಾತು ಮುಗಿಸುವುದುಂಟೇ? 1894ರ ನಿಘಂಟಿನ ಫರ್ಡಿನಂಡ್ ಕಿಟೆಲ್ ಅವರ ಅಡ್ಡಹೆಸರಿಗೆ ಕೆಲಸ ಮಾಡುವಾಗ ಮೈಮೇಲೆ ಹಾಕಿಕೊಳ್ಳುವ ನಿಲುವಂಗಿ ಅಂತ ಅರ್ಥ. ಅಂಗಿ ಹೊಲಿಯುವವನೋ, ಸದಾ ಅದನ್ನೇ ತೊಟ್ಟು ತಿರುಗುವವನೋ, ಅಂತೂ ವಂಶದ ಮೇಲಿನವನೊಬ್ಬನನ್ನು ಊರವರು ಹಾಗೆ ಕರೆದಿರಬೇಕು. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ ಇರುವಾಗ ಅಂಗಿಗೆ ನಗುವ ಹಕ್ಕು ನಮಗೇನೂ ಇಲ್ಲ.

ಮತ್ತೆ ಗಿರಣಿಗೆ ಬರೋಣ. ನಾನು ಅಕ್ಕಾರಿಗೆ ಹೇಳಿದ್ದು, ಮುಲ್ಲರ್ ಅಂದರೆ ಈಗ ಯಾರ ಕಣ್ಣಿಗೂ ಬೀಳದ ಹೆಸರಾಗಿರಬಹುದು, ಆ ಕಾಲದಲ್ಲಿ ಗಿರಣಿಯವನೆಂದರೆ ಊರೇ ಸಂಶಯದಿಂದ ನೋಡುವ ಮನುಷ್ಯ. ಹಳ್ಳ ಇದ್ದಲ್ಲಿ ಗಿರಣಿ. ಹಾಗಾಗಿ ಅವನ ಮನೆ ಊರ ಹೊರಗೆ. ನೀರು ಬಂದಾಗ ಬೀಸಬೇಕು. ಹಾಗಾಗಿ ಹೊತ್ತುಗೊತ್ತಿಲ್ಲದ ಕೆಲಸ. ಕೂಲಿಯನ್ನು ರೊಕ್ಕದಲ್ಲಿ ಅಲ್ಲ, ಬೀಸಿದ ಧಾನ್ಯದಲ್ಲೇ ಒಂದು ಪಾಲು ತೆಗೆದುಕೊಳ್ಳುತ್ತಿದ್ದ. ಅಳೆಯುವವನೂ ಅವನೇ, ತೆಗೆದುಕೊಳ್ಳುವವನೂ ಅವನೇ! ಸಾಲದ್ದಕ್ಕೆ ಜಮೀನ್ದಾರನ ಕಟ್ಟಪ್ಪಣೆ ಬೇರೆ: ಈ ಊರಿನವರು ಈ ಗಿರಣಿಯಲ್ಲೇ ಬೀಸಿಸಬೇಕು, ಪಕ್ಕದ ಊರಿಗೆ ಚೀಲ ಹೊತ್ತುಕೊಂಡು ಹೋಗುವ ಹಾಗಿಲ್ಲ. ಪ್ರಷ್ಯಾದಲ್ಲಿ ಈ ಕಡ್ಡಾಯ ತೆಗೆದದ್ದು 1810ರಲ್ಲಿ. ಅಲ್ಲಿಯವರೆಗೂ ಹಿಟ್ಟು ಕಡಿಮೆ ಬಂತು ಅಂತ ಗೊತ್ತಾದರೂ ರೈತ ಬೈದುಕೊಂಡು ಮರಳಿ ಅಲ್ಲಿಗೇ ಹೋಗಬೇಕು.

ಬೈದುಕೊಂಡೇ ಹೋದರು ಅನ್ನಿ. ಕೆಲವು ಕಡೆ ಗಿರಣಿಯವನ ಮಗನನ್ನು ಬೇರೆ ಕಸುಬಿನ ಸಂಘಗಳು ಸೇರಿಸಿಕೊಳ್ಳುತ್ತಿರಲಿಲ್ಲ, ಮರ್ಯಾದಸ್ಥ ಕಸುಬಲ್ಲ ಅಂತ. ನೇಕಾರ, ಕ್ಷೌರಿಕ, ಕುರುಬ, ಸುಂಕದವನು, ಗಿರಣಿಯವನು ಇವರ ಮಕ್ಕಳನ್ನೂ ಮರ್ಯಾದಸ್ಥರೆಂದೇ ತಿಳಿಯಬೇಕು ಅಂತ 1548ರಲ್ಲಿ ಸಾಮ್ರಾಜ್ಯದ ಕಾನೂನೇ ಹೇಳಬೇಕಾಯಿತು. ಕಾನೂನು ಹೇಳಬೇಕಾಯಿತು ಅಂದರೆ ಊರವರು ತಿಳಿದಿರಲಿಲ್ಲ ಅಂತಲೇ ಅರ್ಥ.

“ಈಗಿನ ಗಿರಣಿಯವನೂ ಹಂಗ ಅದಾನ್ರೀ, ಎರಡ ಕಿಲೋ ಕೊಟ್ರ ಪೌಣೆದೋನ್ ಬರತೈತಿ” ಅಂದರು ಅಕ್ಕಾರು. ನಮ್ಮ ಓಣಿಯ ಗಿರಣಿಯವನ ಪರವಾಗಿ ನಾನು ಏನೂ ಹೇಳಲಿಲ್ಲ. ನಾಳೆ ನಾನೂ ಅಲ್ಲಿಗೇ ಹೋಗಬೇಕು.

ಗಿರಣಿಯವನ ಹೆಸರು ಕೆಟ್ಟಿದ್ದರೂ ಗಿರಣಿ ಒಂದು ಒಳ್ಳೆಯ ನಿಯಮವನ್ನು ಕೊಟ್ಟಿತು. ಹದಿಮೂರನೆಯ ಶತಮಾನದಲ್ಲಿ ಐಕೆ ಫಾನ್ ರೆಪ್ಗೋ ಎಂಬವನು ಸ್ಯಾಕ್ಸನಿಯ ಕಟ್ಟಳೆಗಳನ್ನೆಲ್ಲ ಬರೆದಿಟ್ಟ. ಅದರಲ್ಲಿ ಗಿರಣಿಗೆ ಮೊದಲು ಬಂದವನ ಧಾನ್ಯವನ್ನೇ ಮೊದಲು ಬೀಸಬೇಕು ಅಂತ ಒಂದು ಮಾತಿದೆ. ಸಾಹುಕಾರನಿಗೊಂದು ಸಾಲು, ಬಡವನಿಗೊಂದು ಸಾಲು ಇಲ್ಲ. ಇವತ್ತಿಗೂ ಜರ್ಮನ್ನರು ಟಿಕೆಟ್ ಸಾಲಿನಲ್ಲಿ ನಿಂತಾಗ ಬಾಯಿಗೆ ಬರುವ ಗಾದೆ ಇದೇ, ಗಿರಣಿಯನ್ನು ಕಣ್ಣಲ್ಲಿ ನೋಡದವರಿಗೂ.

ಇನ್ನೊಂದು ತಮಾಷೆ. ಜರ್ಮನ್ ಚರಿತ್ರೆಯ ಅತ್ಯಂತ ಹೆಸರಾಂತ ಇಬ್ಬರು ಗಿರಣಿಯವರು ಮುಲ್ಲರ್‌ಗಳೇ ಅಲ್ಲ! ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್‌ನ ಅರಮನೆಯ ಪಕ್ಕ ಗಾಳಿ ಗಿರಣಿಯೊಂದಿತ್ತು. ಅದರ ಗದ್ದಲ ತಡೆಯದೆ ದೊರೆ ಗದರಿಸಿದ, ಬರ್ಲಿನ್ನಿನಲ್ಲಿ ನ್ಯಾಯಾಲಯ ಇದೆಯಲ್ಲ ಮಹಾಸ್ವಾಮಿ ಅಂತ ಗಿರಣಿಯವ ತಿರುಗಿ ಹೇಳಿದ ಅನ್ನುವ ಕತೆ ಇದೆ. ಅದು ಕತೆ, ಇತಿಹಾಸ ಅಲ್ಲ. ಆದರೆ ಗಿರಣಿಯೂ ನಿಜ, ಗಿರಣಿಯವನೂ ನಿಜ. ಅವನ ಅಡ್ಡಹೆಸರು ಗ್ರೇವೆನಿಟ್ಸ್. ಇನ್ನೊಬ್ಬನದು ಕತೆಯಲ್ಲ. ಕ್ರಿಸ್ಟಿಯಾನ್ ಆರ್ನೊಲ್ಡ್ ಎಂಬವನ ನೀರಿನ ಗಿರಣಿಯ ಮೇಲುಗಡೆ ಒಬ್ಬ ಅಧಿಕಾರಿ ಮೀನು ಸಾಕಲು ಕೊಳ ತೋಡಿಸಿದ. ನೀರು ಕಡಿಮೆಯಾಗಿ ಬಾಡಿಗೆ ಕಟ್ಟಲಾಗಲಿಲ್ಲ ಅಂತ ಆರ್ನೊಲ್ಡ್ ವಾದಿಸಿದ, ಕೋರ್ಟುಗಳಲ್ಲಿ ಸೋತ. 1779ರಲ್ಲಿ ಅದೇ ದೊರೆ ಮಧ್ಯೆ ಬಾಯಿ ಹಾಕಿ, ತೀರ್ಪು ಕೊಟ್ಟ ನ್ಯಾಯಾಧೀಶರನ್ನೇ ಜೈಲಿಗೆ ಹಾಕಿಸಿದ. ಬಡವನಿಗೆ ನ್ಯಾಯ ಅಂತ ಜನ ಕುಣಿದರು. ದೊರೆ ಸತ್ತ ಮೇಲೆ ಆ ನ್ಯಾಯಾಧೀಶರದು ತಪ್ಪಿಲ್ಲ ಅಂತಾಯಿತು. ನನ್ನ ಮಟ್ಟಿಗೆ ದೊರೆ ಅತಿ ಮಾಡಿದ. ನಮ್ಮ ಹರಟೆಗೆ ಬೇಕಾದದ್ದು ಇಷ್ಟೇ: ಅಷ್ಟರಲ್ಲಾಗಲೇ ಹೆಸರೂ ಕೆಲಸವೂ ಬೇರೆ ಬೇರೆ ದಾರಿ ಹಿಡಿದಿದ್ದವು. ಗಿರಣಿಯವನ ಹೆಸರು ಆರ್ನೊಲ್ಡ್. ಮುಲ್ಲರ್‌ಗಳೋ ಇನ್ನೇನೇನೋ ಆಗಿದ್ದರು.

ಉದಾಹರಣೆಗೆ ಡೆಸ್ಸೌ ಎಂಬ ಊರಿನ ಒಬ್ಬ ಮುಲ್ಲರ್. ಕಸುಬಿನಲ್ಲಿ ಸಿಂಪಿಗ.

“ಅಂದ್ರ ಶ್ನೈಡರ್ ಆಗಬೇಕಿತ್ತು!” ಅಕ್ಕಾರು ಪಾಠ ಹಿಡಿದುಬಿಟ್ಟಿದ್ದರು.

ಆಗಬೇಕಿತ್ತು. ಅವನಿಗೆ 1794ರಲ್ಲಿ ಒಬ್ಬ ಮಗ ಹುಟ್ಟಿದ, ವಿಲ್ಹೆಲ್ಮ್. ಓದಲು ಬರ್ಲಿನ್ನಿಗೆ ಹೋದ, ಕವಿತೆ ಬರೆಯತೊಡಗಿದ. 1816ರಲ್ಲಿ ಅಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಗೆಳೆಯರೆಲ್ಲ ಸೇರಿ ಹಾಡಿನ ಆಟವೊಂದನ್ನು ಕಟ್ಟಿದರು. ಗಿರಣಿಯ ಹುಡುಗಿಯೊಬ್ಬಳು, ಅವಳ ಹಿಂದೆ ಬೇಟೆಗಾರ, ಗಿರಣಿಯ ಹುಡುಗ ಅಂತ ಪ್ರೇಮಿಗಳ ಗುಂಪು. ಯಾರಿಗೆ ಯಾವ ಪಾತ್ರ? ನಿನ್ನ ಹೆಸರೇ ಮುಲ್ಲರ್, ಗಿರಣಿ ಹುಡುಗ ನೀನೇ ಆಗು ಅಂತ ವಿಲ್ಹೆಲ್ಮನಿಗೆ ಅದನ್ನು ಅಂಟಿಸಿದರು. ತನ್ನ ಪಾತ್ರದ ಹಾಡುಗಳನ್ನು ಅವನೇ ಬರೆದ, ಆಟ ಮುಗಿದ ಮೇಲೂ ಬರೆಯುತ್ತ ಹೋದ, ಪುಸ್ತಕ ಮಾಡಿದ. 1823ರಲ್ಲಿ ವಿಯೆನ್ನಾದಲ್ಲಿ ಫ್ರಾಂಜ್ ಶೂಬರ್ಟ್ ಅವುಗಳಿಗೆ ರಾಗ ಹಾಕಿದ. ‘ಗಿರಣಿಯ ಚೆಲುವೆ’ ಅನ್ನುವ ಅರ್ಥದ ಆ ಹಾಡುಗಳ ಮಾಲೆಯನ್ನು ಜಗತ್ತಿನ ಗಾಯಕರು ಇಂದಿಗೂ ಹಾಡುತ್ತಾರೆ. ಸಿಂಪಿಗನ ಮಗ ಅಡ್ಡಹೆಸರಿನ ದೆಸೆಯಿಂದ ಗಿರಣಿಯ ಕವಿಯಾದ! ಅಪ್ಪ ಶ್ನೈಡರ್ ಅಂತ ಇದ್ದಿದ್ದರೆ ಶೂಬರ್ಟನಿಗೆ ಯಾವ ಹಾಡು ಸಿಗುತ್ತಿತ್ತೋ ಏನೋ. ಕವಿಯೂ ಸಂಗೀತಗಾರನೂ ಒಬ್ಬರನ್ನೊಬ್ಬರು ಯಾವತ್ತೂ ಭೇಟಿಯಾಗಲಿಲ್ಲ. ವಿಲ್ಹೆಲ್ಮ್ 1827ರಲ್ಲಿ, ಮೂವತ್ತಮೂರು ತುಂಬುವ ಮುಂಚೆಯೇ ತೀರಿಕೊಂಡ. ಮನೆಯಲ್ಲಿ ನಾಲ್ಕು ವರ್ಷವೂ ಆಗಿರದ ಕೂಸು.

“ಆ ಕೂಸು ಯಾರು ಗೊತ್ತೇನ್ರೀ ಅಕ್ಕಾರ? ಮ್ಯಾಕ್ಸ್ ಮುಲ್ಲರ್.”

“ವೇದದ ಮ್ಯಾಕ್ಸ್ ಮುಲ್ಲರ್?”

ಅವರೇ. ಇಂಗ್ಲೆಂಡಿಗೆ ಹೋಗಿ ನೆಲೆಸಿದವರು, 1849ರಿಂದ 1874ರವರೆಗೆ ಸಾಯಣ ಭಾಷ್ಯದ ಸಮೇತ ಋಗ್ವೇದವನ್ನು ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು. ಅದರ ಸಂಸ್ಕೃತ ಮುಖಪುಟದಲ್ಲಿ ತಮ್ಮ ಹೆಸರನ್ನು ಹೇಗೆ ಹಾಕಿಕೊಂಡರು ಅಂತೀರಿ? ಶಾರ್ಮಣ್ಯ ದೇಶದಲ್ಲಿ ಹುಟ್ಟಿ ಗೋತೀರ್ಥದಲ್ಲಿ ವಾಸಿಸುವ ಮೋಕ್ಷಮೂಲರ ಅಂತ. ಶಾರ್ಮಣ್ಯ ಜರ್ಮನಿ, ಗೋತೀರ್ಥ ಆಕ್ಸ್‌ಫರ್ಡ್. ನಮ್ಮವರಲ್ಲಿ ಕೆಲವರು ಮೋಕ್ಷಮೂಲರ ಭಟ್ಟರು ಅಂತಲೂ ಕರೆದರು. ಹಿಟ್ಟಿನ ಗಿರಣಿಯಿಂದ ಹೊರಟ ಹೆಸರು ಮೋಕ್ಷದವರೆಗೆ ಹೋಯಿತು, ಸಂಸ್ಕೃತಕ್ಕಿಂತ ಧಾರಾಳಿ ಭಾಷೆ ಇನ್ನೊಂದಿಲ್ಲ. ಭಾರತಕ್ಕೆ ಮಾತ್ರ ಅವರು ಒಮ್ಮೆಯೂ ಬರಲಿಲ್ಲ. ಬರದಿದ್ದರೂ ಬೆಂಗಳೂರಿನಲ್ಲಿ ಜರ್ಮನ್ ಕಲಿಯುವವರು ಹೋಗುವುದು ಮ್ಯಾಕ್ಸ್ ಮುಲ್ಲರ್ ಭವನಕ್ಕೇ. ಬೇರೆ ದೇಶಗಳಲ್ಲಿ ಕವಿ ಗಯಟೆಯ ಹೆಸರಿರುವ ಆ ಸಂಸ್ಥೆ ಭಾರತದಲ್ಲಿ ಮುಲ್ಲರ್ ಹೆಸರಿನಲ್ಲಿದೆ. ಅಕ್ಕಾರ ಮಗಳೂ ಅಲ್ಲೇ ಕಲಿತು ಹೋದವಳು.

ಈ ‘ಮ್ಯಾಕ್ಸ್’ ವಿಷಯ ಸ್ವಲ್ಪ ಕೇಳಬೇಕು. ಅದು ಅಡ್ಡಹೆಸರಲ್ಲ, ಒಂದು ಸಂಗೀತ ನಾಟಕದ ನಾಯಕನಿಂದ ತೆಗೆದು ಇಟ್ಟ ಹೆಸರು. ಬರೀ ಮುಲ್ಲರ್ ಅಂದರೆ ಯಾರಿಗೆ ಗೊತ್ತಾಗಬೇಕು ಅಂತ ಅವರು ದೊಡ್ಡವರಾದ ಮೇಲೆ ಮ್ಯಾಕ್ಸ್ ಮುಲ್ಲರ್ ಎರಡನ್ನೂ ಸೇರಿಸಿ ಅಡ್ಡಹೆಸರನ್ನಾಗಿ ಮಾಡಿಕೊಂಡರು. ಆರೇಳು ನೂರು ವರ್ಷಗಳ ಹಿಂದೆ ಹಾನ್ಸ್‌ಗಳನ್ನು ಬೇರೆ ಮಾಡಲು ಮುಲ್ಲರ್ ಬೇಕಾಗಿತ್ತು. ಈಗ ಮುಲ್ಲರ್‌ಗಳನ್ನು ಬೇರೆ ಮಾಡಲು ಇನ್ನೊಂದು ಬಾಲ ಬೇಕಾಯಿತು.

ಇವರೊಬ್ಬರದೇ ಕಷ್ಟ ಅಲ್ಲ. ಹೆರ್ಮನ್ ಮುಲ್ಲರ್ ಎಂಬ ಹೆಸರನ್ನೇ ನೋಡಿ. ಒಬ್ಬ ಹೆರ್ಮನ್ ಮುಲ್ಲರ್ ಸ್ವಿಟ್ಜರ್ಲೆಂಡಿನ ತುರ್ಗೌ ಸೀಮೆಯ ಸಸ್ಯವಿಜ್ಞಾನಿ, 1882ರಲ್ಲಿ ದ್ರಾಕ್ಷಿಯ ಹೊಸ ತಳಿ ಮಾಡಿದ. ಗುರುತಿಗೆ ತನ್ನ ಸೀಮೆಯನ್ನೇ ಸೇರಿಸಿಕೊಂಡು ಮುಲ್ಲರ್-ತುರ್ಗೌ ಆದ; ದ್ರಾಕ್ಷಿಗೂ ಅದೇ ಹೆಸರು ನಿಂತಿತು. ಆ ದ್ರಾಕ್ಷಿಯ ತಂದೆತಾಯಿ ಯಾರೆಂದು ಎಲ್ಲರೂ ನಂಬಿದ್ದರೋ ಅದು ಸುಳ್ಳು ಅಂತ ನೂರಕ್ಕೂ ಹೆಚ್ಚು ವರ್ಷ ಕಳೆದು ಡಿಎನ್‌ಎ ಪರೀಕ್ಷೆ ಹೇಳಿತು. ಗಿಡದ ವಂಶಾವಳಿಯೂ ಕೈಕೊಡುವುದುಂಟು. ಇನ್ನೊಬ್ಬ ಹೆರ್ಮನ್ ಮುಲ್ಲರ್ ರಾಜಕಾರಣಿ. 1919ರ ವರ್ಸೇಲ್ಸ್ ಒಪ್ಪಂದಕ್ಕೆ ಜರ್ಮನಿಯ ಪರವಾಗಿ ಸಹಿ ಹಾಕಿದ ಇಬ್ಬರಲ್ಲಿ ಒಬ್ಬ, ಮುಂದೆ ಎರಡು ಸಲ ಚಾನ್ಸಲರ್. ಸಂಸತ್ತಿನಲ್ಲಿ ಅವನನ್ನು ಬೇರೆ ಮುಲ್ಲರ್‌ಗಳಿಂದ ಬೇರೆ ಮಾಡಲು ಆರಿಸಿಬಂದ ಸೀಮೆಯನ್ನು ಸೇರಿಸಿ ಮುಲ್ಲರ್-ಫ್ರಾಂಕನ್ ಅಂದರು. ಈ ಎರಡೆರಡು ಹೆಸರಿನ ಗತ್ತನ್ನು ಜರ್ಮನ್ನರೇ ಗೇಲಿ ಮಾಡುತ್ತಾರೆ. ಲೊರಿಯೊ ಎಂಬ ಹಾಸ್ಯಗಾರ 1978ರಲ್ಲಿ ಮಾಡಿದ ಚಿತ್ರವೊಂದರಲ್ಲಿ ಇಬ್ಬರು ಗಂಡಸರು ಹೋಟೆಲಿನ ಒಂದೇ ಸ್ನಾನದ ತೊಟ್ಟಿಯಲ್ಲಿ ಬತ್ತಲೆ ಕೂತು, ಭಾರೀ ಮರ್ಯಾದೆಯಿಂದ ಜಗಳ ಆಡುತ್ತಾರೆ. ಅವರಲ್ಲೊಬ್ಬನ ಹೆಸರು ಮುಲ್ಲರ್-ಲ್ಯುಡನ್‌ಶೈಟ್!

ಹಳೆಯ ಕಾಲದ ಪಂಡಿತರಿಗೆ ಬೇರೆ ಉಪಾಯವಿತ್ತು, ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಮೊಲಿಟೋರ್ ಅಂತ ಮಾಡಿಕೊಳ್ಳುವುದು. ಹದಿನೈದನೆಯ ಶತಮಾನದ ದೊಡ್ಡ ಖಗೋಳಜ್ಞ ರೆಜಿಯೊಮೊಂಟಾನುಸ್ ಕೂಡ ಹುಟ್ಟಿನಿಂದ ಯೊಹಾನ್ನೆಸ್ ಮುಲ್ಲರ್. ಅವನ ಊರು ಕೊನಿಗ್ಸ್‌ಬೆರ್ಗ್, ಅಂದರೆ ರಾಜಗಿರಿ. ಅದರ ಲ್ಯಾಟಿನ್ ರೂಪದ ಕೆಳಗೆ ಮುಲ್ಲರ್ ಹೂತೇಹೋಯಿತು.

ಅಮೆರಿಕಕ್ಕೆ ಹೋದವರು ಇಂಗ್ಲಿಷಿನ ಮಿಲ್ಲರ್ ಆದರು. ಬಂದರಿನ ಗುಮಾಸ್ತರು ಹೆಸರು ಬದಲಿಸಿಬಿಟ್ಟರು ಅಂತ ಮನೆಮನೆಯಲ್ಲೂ ಹೇಳಿಕೊಳ್ಳುತ್ತಾರೆ, ಅದು ಬಡಾಯಿ. ಗುಮಾಸ್ತರ ಕೈಯಲ್ಲಿದ್ದದ್ದು ಹಡಗಿನವರು ಕೊಟ್ಟ ಪಟ್ಟಿ. ಹೆಸರು ಬದಲಾದದ್ದು ಆಮೇಲೆ, ಅಂಗಡಿಯಲ್ಲಿ, ಶಾಲೆಯಲ್ಲಿ, ಅವರದೇ ಅನುಕೂಲಕ್ಕೆ. ಊರಲ್ಲೇ ಉಳಿದವರ ಹೆಸರಿಗೆ 1876ರ ಜನವರಿ 1ರಿಂದ ಬೀಗ ಬಿತ್ತು. ಅವತ್ತಿನಿಂದ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಹುಟ್ಟು, ಮದುವೆ, ಸಾವನ್ನು ಚರ್ಚಿನ ಬದಲು ಸರ್ಕಾರಿ ಕಚೇರಿ ಬರೆದುಕೊಳ್ಳತೊಡಗಿತು.

ಅಷ್ಟರಲ್ಲಿ ಅಕ್ಕಾರ ಯಜಮಾನರೂ ಹೊರಗೆ ಬಂದರು. ಹಿಂದೆ ಶಿರಸಿ ಕಡೆ ನೌಕರಿ ಮಾಡಿದವರು, ಕಾಲ್ಚೆಂಡಿನ ಹುಚ್ಚು. ಗೆರ್ಡ್ ಮುಲ್ಲರ್ 1970ರ ವಿಶ್ವಕಪ್ಪಿನಲ್ಲಿ ಹತ್ತು ಗೋಲು ಹೊಡೆದದ್ದು, 1974ರ ಫೈನಲ್ಲಿನಲ್ಲಿ ಹಾಲೆಂಡಿನ ಮೇಲೆ ಗೆಲುವಿನ ಗೋಲು ಹೊಡೆದದ್ದು ಅವರಿಗೆ ಬಾಯಿಪಾಠ. 2010ರಲ್ಲಿ ಅತಿ ಹೆಚ್ಚು ಗೋಲಿನ ಬಂಗಾರದ ಬೂಟು ಗೆದ್ದ ತೋಮಾಸ್ ಮುಲ್ಲರ್ ಕೂಡ ಗೆರ್ಡ್ ಹಾಗೆಯೇ 13ನೇ ನಂಬರಿನ ಅಂಗಿಯವನು. “ಸಂಬಂಧ ಇಲ್ರೀ ಇಬ್ಬರಿಗೂ” ಅಂದರು, ಯಾರೋ ಸಂಬಂಧ ಕಟ್ಟುತ್ತಾರೆಂಬ ಭಯದಿಂದ. ನಾನು ಇನ್ನೊಬ್ಬ ಮುಲ್ಲರ್‌ನನ್ನು ಅವರಿಗೆ ನೆನಪಿಸಿದೆ. ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್, ಡಿಡಿಟಿಗೆ ಕೀಟ ಸಾಯುತ್ತದೆಂದು 1939ರಲ್ಲಿ ಕಂಡುಹಿಡಿದವನು, 1948ರಲ್ಲಿ ನೊಬೆಲ್ ಪಡೆದವನು. ಮಲೇರಿಯಾಕ್ಕೆ ಹೆದರಿ ಮಲೆನಾಡಿಗೆ ವರ್ಗ ಬೇಡ ಅನ್ನುತ್ತಿದ್ದ ಕಾಲ ಹೋದದ್ದು ಮನೆಗೋಡೆಗೆಲ್ಲ ಆ ಪುಡಿ ಹೊಡೆದ ಮೇಲೆ. ಅದರ ಕೆಟ್ಟದ್ದೂ ಆಮೇಲೆ ಗೊತ್ತಾಯಿತು, ಆ ಮಾತು ಬೇರೆ. ರುಮೇನಿಯಾದ ಜರ್ಮನ್ ಹಳ್ಳಿಯಲ್ಲಿ ಹುಟ್ಟಿ 2009ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹೆರ್ಟಾ ಮುಲ್ಲರ್ ಬಗ್ಗೆ ಹೇಳಲು ಹೊರಟೆ. ಯಜಮಾನರು ಮತ್ತೆ 1974ಕ್ಕೆ ಹೋಗಿಬಿಟ್ಟರು.

“ಅದಿರಲಿ, ಮ್ಯಾಕ್ಸ್ ಮುಲ್ಲರ್ ಮಕ್ಕಳು ಏನಂತ ಹೆಸರ ಹಚ್ಚಿಕೊಂಡ್ರು?” ಅಕ್ಕಾರ ಪ್ರಶ್ನೆ.

ಮಗ ಬ್ರಿಟಿಷ್ ಸರ್ಕಾರದ ರಾಜತಾಂತ್ರಿಕ ಅಧಿಕಾರಿಯಾದ, ಪೋಲೆಂಡಿನಲ್ಲಿ ಬ್ರಿಟನ್ನಿನ ಪ್ರತಿನಿಧಿಯಾಗಿದ್ದ. ಹೆಸರು ಸರ್ ವಿಲಿಯಂ ಮ್ಯಾಕ್ಸ್ ಮುಲ್ಲರ್. ವಿಲಿಯಂ ಅಂದರೆ ಅಜ್ಜ ವಿಲ್ಹೆಲ್ಮನ ಹೆಸರೇ, ಇಂಗ್ಲಿಷಿನಲ್ಲಿ. ಅಪ್ಪನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಮಗನ ಕಾಲಕ್ಕೆ ಅಡ್ಡಹೆಸರಿನ ಭಾಗವಾಗಿ ನಿಂತಿತು.

ಅಕ್ಕಾರು ಒಂದು ಗಳಿಗೆ ಲೆಕ್ಕ ಹಾಕಿದರು. ನಮ್ಮ ಓಣಿಯಲ್ಲಿ ಮೂರು ಮನೆ ಪಾಟೀಲರಿದ್ದಾರೆ. ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಒಬ್ಬರನ್ನು ಬ್ಯಾಂಕ್ ಪಾಟೀಲರು, ಒಬ್ಬರನ್ನು ಲಾರಿ ಪಾಟೀಲರು ಅನ್ನುತ್ತಾರೆ. ನೀರಿನ ಟಾಕಿಯ ಬುಡದಲ್ಲಿರುವ ಇವರು ಟಾಕಿ ಪಾಟೀಲರು.

“ಅಂದ್ರ ನನ್ನ ಮೊಮ್ಮಕ್ಕಳ ಕಾಲಕ್ಕ ಪಾಸ್‌ಪೋರ್ಟಿನ್ಯಾಗ ಟಾಕಿ ಅಂತ ಬರತೈತೇನ್ರೀ?”

“ಬರಬಾರದು ಅಂತೇನಿಲ್ರೀ ಅಕ್ಕಾರ.”

“ಹಂಗಿದ್ರ ಈಗ ಮೊದಲ ನೀವೆಲ್ಲಾ ಬ್ಯಾರೆ ಏನರೆ ಕರೀಲಿಕ್ಕೆ ಚಾಲೂ ಮಾಡ್ರಿ” ಅಂದರು. ಯಜಮಾನರಿಗೆ ಮಾತ್ರ ಆತುರವೇನೂ ಇರಲಿಲ್ಲ. ಲಾರಿಗಿಂತ ಟಾಕಿ ವಾಸಿ ಅಂದರು.